ಹೆಡ್ ಹೊಸದು, ಕಂಪ್ರೆಷನ್ ಇಲ್ಲ: ಮತ್ತೆ ಬಿಚ್ಚುವ ಮುನ್ನ ಮಾಡಬೇಕಾದ ತಪಾಸಣೆ

ತೊಗರಿ ರಾಶಿ ನಡೆಯುವ ಡಿಸೆಂಬರ್–ಜನವರಿಯಲ್ಲಿ ಟ್ರ್ಯಾಕ್ಟರ್ ನಿಂತರೆ ಕಲಬುರಗಿಯ ರೈತನಿಗೆ ಒಂದೊಂದು ದಿನವೂ ದುಬಾರಿ. ಎಂಜಿನ್ ಕಾದು ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವುಗಳಿರುವ ಮುಚ್ಚಳ) ಬಿರುಕು ಬಿಟ್ಟಿದೆ, ಬೇರೆ ಹೆಡ್ ತಂದು ಕೂರಿಸಿಯೂ ಆಗಿದೆ. ಆದರೆ ಸೆಲ್ಫ್ ಹೊಡೆದರೆ ಎಂಜಿನ್ ಬರೀ ತಿರುಗುತ್ತದೆ, ಚಾಲೂ ಆಗುವುದಿಲ್ಲ. ‘ಕಂಪ್ರೆಷನ್ ಇಲ್ಲ’, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳುತ್ತಿಲ್ಲ ಎಂದು ಯಾರೋ ತೀರ್ಪು ಕೊಡುತ್ತಾರೆ, ಮರುಗಳಿಗೆಯಲ್ಲಿ ಪಾನಾ ಹೆಡ್ ಬೋಲ್ಟಿನ ಮೇಲೆ ಇರುತ್ತದೆ. ಎರಡನೇ ಸಲದ ಖರ್ಚಿಗೆ ಈ ಅವಸರವೇ ಮೂಲ. ಹೆಡ್ ಎತ್ತಿದ ಕೂಡಲೇ ಅದರಡಿಯ ಹೊಸ ಗ್ಯಾಸ್ಕೆಟ್ (ಸೋರದಂತೆ ಹಾಕುವ ತೆಳು ಹಾಳೆ) ಕೆಡುತ್ತದೆ. ಗಾಳಿ ಎಲ್ಲಿಂದ ಸೋರುತ್ತಿತ್ತು ಎಂಬ ಸುಳಿವೂ ಅದರೊಂದಿಗೇ ಹೋಗುತ್ತದೆ.

ಹೆಡ್ ಕೆಲಸದಲ್ಲಿ ಯಾವುದಕ್ಕೆಲ್ಲ ಕೈ ಬಿತ್ತೋ ಅದನ್ನೇ ಮೊದಲು ಅನುಮಾನಿಸಿ. ಬಿಚ್ಚದೆ ನೋಡಬಹುದಾದುದನ್ನೆಲ್ಲ ನೋಡಿ, ಸೋರಿಕೆ ಇಂಥಲ್ಲೇ ಎಂದು ಬೆರಳಿಟ್ಟು ತೋರಿಸುವಂತಾದ ಮೇಲೆ ಹೆಡ್‌ಗೆ ಕೈ ಹಾಕಿ. ಇಲ್ಲಿ ಹೇಳುವುದು ಮುಖ್ಯವಾಗಿ ಟ್ರ್ಯಾಕ್ಟರ್, ಜೀಪು, ಟಿಪ್ಪರ್‌ಗಳ ಡೀಸೆಲ್ ಎಂಜಿನ್ ಕುರಿತು. ಪೆಟ್ರೋಲ್ ಕಾರಿಗೆ ಕ್ರಮ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಕಂಪ್ರೆಷನ್ನೇ ಹೋಗಿದೆಯೆ, ನೋಡಿಕೊಳ್ಳಿ

ಹೆಡ್ ಬದಲಿಸುವಾಗ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಸಾಧನ) ಪೈಪುಗಳನ್ನು ಬಿಚ್ಚಿರುತ್ತಾರೆ. ಪೈಪಿನಲ್ಲಿ ಗಾಳಿ ಕುಳಿತರೆ ಡೀಸೆಲ್ ಬರುವುದಿಲ್ಲ, ಎಂಜಿನ್ ಹತ್ತುವುದಿಲ್ಲ. ಇದಕ್ಕೂ ಕಂಪ್ರೆಷನ್‌ಗೂ ಸಂಬಂಧವಿಲ್ಲ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಕಂಪ್ರೆಷನ್ ಅಥವಾ ಡೀಸೆಲ್ ಪಂಪಿನ ಟೈಮಿಂಗ್ (ಡೀಸೆಲ್ ಬಿಡುವ ಹೊತ್ತು) ಮೇಲೆ ಅನುಮಾನ ಪಡಬೇಕು. ಹೊಗೆಯೇ ಇಲ್ಲದಿದ್ದರೆ ಮೊದಲು ಫಿಲ್ಟರಿನಿಂದ ಇಂಜೆಕ್ಟರ್ ನಟ್‌ವರೆಗೆ ಗಾಳಿ ತೆಗೆಯಿರಿ. ಅರ್ಧ ಗಂಟೆಯ ಈ ಕೆಲಸದಲ್ಲಿಯೇ ಎಷ್ಟೋ ಎಂಜಿನ್‌ಗಳ ‘ಕಂಪ್ರೆಷನ್’ ವಾಪಸ್ ಬರುತ್ತದೆ.

ಆಮೇಲೆ ಕಿವಿಗೆ ಕೆಲಸ. ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದು, ಎಂಜಿನ್ ಹತ್ತದಂತೆ ಮಾಡಿ ಸೆಲ್ಫ್ ಹೊಡೆಯಿರಿ. ಆರೋಗ್ಯವಾಗಿರುವ ಎಂಜಿನ್ ಪ್ರತಿ ಸಿಲಿಂಡರ್‌ಗೂ ಒಮ್ಮೆ ತಡೆದು, ಒಮ್ಮೆ ಸಡಿಲಿಸಿ, ಸಮನಾದ ಲಯದಲ್ಲಿ ತಿರುಗುತ್ತದೆ. ಮೂರು ಬಡಿತದಲ್ಲಿ ಒಂದು ಹಗುರವಾಗಿ ಓಡಿದಂತೆ ಕೇಳಿದರೆ ಒಂದು ಸಿಲಿಂಡರ್‌ನಲ್ಲಿ ದೋಷ. ಎಲ್ಲಿಯೂ ತಡೆಯೇ ಇಲ್ಲದೆ ‘ಝರ್ರ್’ ಎಂದು ತಿರುಗಿದರೆ ಎಲ್ಲ ಸಿಲಿಂಡರ್‌ಗಳಿಗೂ ಬಡಿದ ಒಂದೇ ಕಾರಣವನ್ನು ಹುಡುಕಿ.

ಬ್ಯಾಟರಿಯನ್ನು ಕಡೆಗಣಿಸಬೇಡಿ. ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತ ಗಾಡಿಯ ಬ್ಯಾಟರಿ ಇಳಿದಿರುತ್ತದೆ. 12 ವೋಲ್ಟಿನ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ, ಎಂಜಿನ್ ನಿಧಾನ ತಿರುಗಿ, ಒತ್ತಡ ಅಳೆಯುವ ಗೇಜಿನಲ್ಲಿ ಸುಳ್ಳು ಅಂಕಿ ತೋರುತ್ತದೆ.

ಈ ಹಂತದಲ್ಲಿ ಮಾಲೀಕರು ಸಾಮಾನ್ಯವಾಗಿ ಕೇಳುವ ಮಾತು ಒಂದಿದೆ: ‘ಉಸ್ತಾದ್, ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಜಗ್ಗಿದರೆ ಚಾಲೂ ಆಗುವುದಿಲ್ಲವೆ?’

‘ಬೇಡ ಗೌಡರೇ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.’

ನೀರು ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಈ ಎಚ್ಚರಿಕೆ. ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಕೂಡ ಇದೇ ಜಾತಿಯ ಅಪಾಯ. ಗ್ಲೋ ಪ್ಲಗ್ (ಚಾಲೂ ಮಾಡಲು ಒಳಗನ್ನು ಕಾಯಿಸುವ ಕಡ್ಡಿ) ಇರುವ ಎಂಜಿನ್‌ನಲ್ಲಂತೂ ಸ್ಪ್ರೇ ಒಳಗೇ ಸಿಡಿದು ಪಿಸ್ಟನ್ ಒಡೆಯಬಹುದು.

ಟಾಪೆಟ್: ಮೊದಲ ಅನುಮಾನ ಇಲ್ಲೇ

ಹೆಡ್ ಬದಲಾದ ಮೇಲೆ ಕಂಪ್ರೆಷನ್ ಹೋಗಿದ್ದರೆ ನಾನು ಮೊದಲು ತೆರೆಯುವುದು ಟಾಪೆಟ್ ಕವರ್. ಕಾರಣ ಸ್ಪಷ್ಟ. ಹೊಸ ಹೆಡ್‌ನಲ್ಲಿ ವಾಲ್ವಿನ ಕಾಂಡ ಹಳೆಯದಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಿದ್ದರೂ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಹಳೆಯ ಗ್ಯಾಪ್ ಮುಚ್ಚಿಹೋಗುತ್ತದೆ. ಗ್ಯಾಪ್ ಇಲ್ಲದಿದ್ದರೆ ರಾಕರ್ ವಾಲ್ವನ್ನು ಸದಾ ಒತ್ತಿ ಹಿಡಿದಿರುತ್ತದೆ. ವಾಲ್ವ್ ಸೀಟಿಗೆ ಕೂರದಿದ್ದರೆ ಒತ್ತಡ ಎಲ್ಲಿಂದ ಬರಬೇಕು?

ಮೊದಲು ರಾಕರನ್ನು ಕೆಳಗಿನಿಂದ ಎತ್ತುವ ಪುಷ್ ರಾಡುಗಳನ್ನು ಬೆರಳಿನಿಂದ ತಿರುಗಿಸಿ ನೋಡಿ. ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ರಾಡ್ ಸಲೀಸಾಗಿ ತಿರುಗಬೇಕು. ಕೆಳಗಿನ ತುದಿ, ಅದನ್ನು ತಳ್ಳುವ ಟಾಪೆಟ್‌ನ ಬಟ್ಟಲಿನಲ್ಲಿ ಕೂರದೆ ಅಂಚಿನ ಮೇಲೆ ನಿಂತಿದ್ದರೆ ರಾಡ್ ಬಿಗಿಯಾಗಿರುತ್ತದೆ, ತುಸು ಓರೆಯಾಗಿಯೂ ಕಾಣುತ್ತದೆ. ಬಾಗಿದ ರಾಡನ್ನು ಗಾಜಿನ ಮೇಲೆ ಉರುಳಿಸಿದರೆ ತಿಳಿಯುತ್ತದೆ.

ಗ್ಯಾಪ್ ಎಷ್ಟಿರಬೇಕು ಎಂಬುದನ್ನು ಆಯಾ ಎಂಜಿನ್ನಿನ ಪುಸ್ತಕವೇ ಹೇಳಬೇಕು. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಅದು 0.25ರಿಂದ 0.40 ಮಿಲಿಮೀಟರ್ ನಡುವೆ ಇರುತ್ತದೆ. ತಣ್ಣಗಿದ್ದಾಗ ಇಡಬೇಕೋ ಬಿಸಿಯಿದ್ದಾಗಲೋ ಎಂಬುದನ್ನೂ ಪುಸ್ತಕದಲ್ಲೇ ನೋಡಿಕೊಳ್ಳಿ. ಗ್ಯಾಪ್ ಇಡುವ ಹೊತ್ತಿಗೆ ಗೊಂದಲವಾಗದಿರಲು ಒಂದು ನಿಯಮ ಸಾಕು: ಎಗ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವುದು) ಆಗಷ್ಟೇ ತೆರೆಯತೊಡಗಿದಾಗ ಅದೇ ಸಿಲಿಂಡರಿನ ಇನ್ಲೆಟ್ (ಗಾಳಿ ಒಳಬಿಡುವ) ವಾಲ್ವಿನ ಗ್ಯಾಪ್ ಇಡಿ, ಇನ್ಲೆಟ್ ಇನ್ನೇನು ಪೂರ್ತಿ ಮುಚ್ಚಲಿದೆ ಎನ್ನುವಾಗ ಎಗ್ಸಾಸ್ಟಿನ ಗ್ಯಾಪ್ ಇಡಿ. ಮೂರು ಸಿಲಿಂಡರ್ ಇರಲಿ, ಆರಿರಲಿ, ಇದು ತಪ್ಪುವುದಿಲ್ಲ. 1-3-4-2 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ನಾಲ್ಕನೆಯದರ ಎರಡೂ ರಾಕರ್ ಒಟ್ಟಿಗೆ ಅಲುಗುವಾಗ ಒಂದನೆಯದು ಒತ್ತಡದ ತುದಿಯಲ್ಲಿ (ಎರಡೂ ವಾಲ್ವ್ ಮುಚ್ಚಿ, ಪಿಸ್ಟನ್ ಪೂರ್ತಿ ಮೇಲೆ ಬಂದ ಸ್ಥಿತಿ) ಇರುತ್ತದೆ. 2 ಮತ್ತು 3 ಹಾಗೆಯೇ ಇನ್ನೊಂದು ಜೋಡಿ.

ತಣ್ಣಗಿದ್ದಾಗ ಚಾಲೂ ಆಗಿ, ಬಿಸಿಯಾದ ಮೇಲೆ ಬಂದ್ ಮಾಡಿದರೆ ಮತ್ತೆ ಹತ್ತದ ಎಂಜಿನ್ ಸಿಕ್ಕರೆ ಎಗ್ಸಾಸ್ಟ್ ವಾಲ್ವಿನ ಗ್ಯಾಪ್ ಬಿಗಿಯಾಗಿದೆಯೇ ನೋಡಿ. ಕಾದಾಗ ವಾಲ್ವ್ ಉದ್ದವಾಗಿ ಸೀಟಿನಿಂದ ಎದ್ದು ನಿಲ್ಲುತ್ತದೆ. ಹಾಗೆಯೇ ಬಿಟ್ಟರೆ ಅಂಚು ಸುಡುತ್ತದೆ.

ಹೈಡ್ರಾಲಿಕ್ ಲಿಫ್ಟರ್ (ಎಣ್ಣೆಯಿಂದ ತಾನೇ ಗ್ಯಾಪ್ ಹೊಂದಿಸಿಕೊಳ್ಳುವ ಟಾಪೆಟ್) ಇರುವ ಕಾರುಗಳಲ್ಲಿ ಗ್ಯಾಪ್ ಇಡುವ ಕೆಲಸವಿಲ್ಲ. ಆದರೆ ಎಣ್ಣೆ ತುಂಬಿ ಪೂರ್ತಿ ಎದ್ದ ಲಿಫ್ಟರಿನ ಮೇಲೆ ಕ್ಯಾಮ್ (ವಾಲ್ವುಗಳನ್ನು ತೆರೆಸುವ ಉಬ್ಬುಗಳ ದಂಡ) ಬಿಗಿದರೆ ವಾಲ್ವ್ ತೆರೆದೇ ಇರುತ್ತದೆ. ಕ್ಯಾಮ್ ಕೂರಿಸಿದ ಮೇಲೆ ಪುಸ್ತಕ ಹೇಳುವಷ್ಟು ಹೊತ್ತು ಬಿಟ್ಟು, ಲಿಫ್ಟರ್ ಕುಗ್ಗಿದ ನಂತರ ತಿರುಗಿಸಿ. ಹೊಲದ ಪಂಪ್‌ಸೆಟ್ ಎಂಜಿನ್ನಿನಲ್ಲಿ ವಾಲ್ವ್ ತೆರೆದಿಡುವ ಡಿಕಂಪ್ರೆಷನ್ ಲಿವರ್ ಇದ್ದರೆ ಅದು ಎತ್ತಿದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದೆಯೇ ಎಂದೂ ನೋಡಿ. ನಗಬೇಡಿ, ಆಗುತ್ತದೆ.

ಟೈಮಿಂಗ್

ಬಹುತೇಕ ಟ್ರ್ಯಾಕ್ಟರುಗಳಲ್ಲಿ ಕ್ಯಾಮ್ ಇರುವುದು ಬ್ಲಾಕಿನಲ್ಲಿ, ಗೇರಿನ ಮೇಲೆ. ಹೆಡ್ ತೆಗೆದರೂ ಟೈಮಿಂಗ್ (ಪಿಸ್ಟನ್, ವಾಲ್ವುಗಳ ಚಲನೆಯ ಹೊಂದಾಣಿಕೆ) ಅಲುಗುವುದಿಲ್ಲ, ಆದ್ದರಿಂದ ಮುಂದಿನ ಗೇರ್ ಕವರ್ ಬಿಚ್ಚಲು ಹೋಗಬೇಡಿ. ಹೆಡ್‌ನಲ್ಲೇ ಕ್ಯಾಮ್ ಇರುವ, ಬೆಲ್ಟ್ ಅಥವಾ ಚೈನಿನ ಗಾಡಿಯಾದರೆ ಗುರುತುಗಳನ್ನು ಹೊಂದಿಸಿ, ಪಾನಾದಿಂದ ಕೈಯಲ್ಲೇ ಕ್ರ್ಯಾಂಕ್ ದಂಡವನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಪಿಸ್ಟನ್‌ಗೆ ವಾಲ್ವ್ ತಗಲುತ್ತಿದೆ. ಒಮ್ಮೆ ಸೆಲ್ಫ್ ಹೊಡೆದಾಗಿದ್ದರೆ ವಾಲ್ವ್ ಆಗಲೇ ಬಾಗಿರಬಹುದು.

ಗೇಜ್ ಹಾಕಿ ಅಂಕಿ ಬರೆಯಿರಿ

ಪೆಟ್ರೋಲ್ ಎಂಜಿನ್ನಿನ ಗೇಜ್ ಸಾಮಾನ್ಯವಾಗಿ 300 ಪಿಎಸ್‌ಐ (ಒತ್ತಡದ ಅಳತೆ) ತನಕ ಮಾತ್ರ. ಅದನ್ನು ಡೀಸೆಲ್‌ಗೆ ಹಾಕಿದರೆ ಗೇಜ್ ಹಾಳು, ಕಣ್ಣಿಗೂ ಅಪಾಯ. ಡೀಸೆಲ್‌ಗೆ ಕನಿಷ್ಠ 600 ಪಿಎಸ್‌ಐವರೆಗಿನ ಗೇಜ್ ಮತ್ತು ಇಂಜೆಕ್ಟರ್ ರಂಧ್ರಕ್ಕೆ ಹೊಂದುವ ಅಡಾಪ್ಟರ್ ಬೇಕು. ಅಡಾಪ್ಟರ್ ಅಡಿಯಲ್ಲಿ ಹೊಸ ತಾಮ್ರದ ವಾಷರ್ ಹಾಕಿ.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಸ್ಟಾಪ್ ಕೇಬಲ್ ಎಳೆದಿರಲಿ. ಎಲ್ಲ ಇಂಜೆಕ್ಟರುಗಳನ್ನೂ ತೆಗೆಯಿರಿ, ಆಗ ಎಂಜಿನ್ ಹಗುರವಾಗಿ ಸಮನಾಗಿ ತಿರುಗುತ್ತದೆ. ಏರ್ ಕ್ಲೀನರ್ ಪೈಪ್ ಬಿಚ್ಚಿ, ಒಳಗೆ ಟಾರ್ಚ್ ಹಾಕಿ ನೋಡಿ. ಹೆಡ್ ಕೆಲಸದ ವೇಳೆ ಧೂಳು ಬೀಳದಿರಲೆಂದು ಗಾಳಿ ಒಳಹೋಗುವ ಮ್ಯಾನಿಫೋಲ್ಡಿಗೆ ತುರುಕಿದ ಬಟ್ಟೆ ಅಲ್ಲೇ ಉಳಿದರೆ ಎಂಜಿನ್‌ಗೆ ಉಸಿರೇ ಸಿಗುವುದಿಲ್ಲ, ಎಲ್ಲ ಸಿಲಿಂಡರುಗಳ ಅಂಕಿಯೂ ಕುಸಿಯುತ್ತದೆ. ಪೆಟ್ರೋಲ್ ಗಾಡಿಯಲ್ಲಾದರೆ ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಇಂಧನ ಎರಡನ್ನೂ ಕಡಿತಗೊಳಿಸಿ, ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು.

ಪ್ರತಿ ಸಿಲಿಂಡರ್‌ಗೂ ಐದಾರು ಬಡಿತ. ಮೊದಲ ಬಡಿತಕ್ಕೆ ಮುಳ್ಳು ಎಲ್ಲಿಗೆ ಹೋಯಿತು, ಕೊನೆಗೆ ಎಲ್ಲಿ ನಿಂತಿತು, ಎರಡನ್ನೂ ಬರೆದುಕೊಳ್ಳಿ. ಮೊದಲು ಕಡಿಮೆ ತೋರಿಸಿ ಬಡಿತದಿಂದ ಬಡಿತಕ್ಕೆ ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಕಡೆಯ ಸೋರಿಕೆ ಇರಬಹುದು. ಮೊದಲೂ ಕಡಿಮೆ, ಕೊನೆಗೂ ಅಲ್ಲೇ ನಿಂತರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಹೆಚ್ಚಿನ ಟ್ರ್ಯಾಕ್ಟರ್ ಡೀಸೆಲ್ ಎಂಜಿನ್‌ಗಳು ಆರೋಗ್ಯವಾಗಿದ್ದಾಗ 350ರಿಂದ 450 ಪಿಎಸ್‌ಐ ಆಸುಪಾಸಿನಲ್ಲಿರುತ್ತವೆ, ಪೆಟ್ರೋಲ್ ಎಂಜಿನ್‌ಗಳು 120ರಿಂದ 180ರಲ್ಲಿ. ಪುಸ್ತಕದ ಅಂಕಿಗೆ ಹೋಲಿಸುವಾಗ ನಮ್ಮ ಊರುಗಳ ಎತ್ತರ ಮರೆಯಬೇಡಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಬೀದರ್ 600 ಮೀಟರ್ ದಾಟುತ್ತದೆ. ಗಾಳಿಯ ಒತ್ತಡ ಇಲ್ಲಿ ಶೇ 5ರಷ್ಟು, ಅಲ್ಲಿ ಶೇ 7ರಷ್ಟು ಕಡಿಮೆ. ಸಮುದ್ರಮಟ್ಟಕ್ಕೆ 400 ಎಂದು ಬರೆದಿದ್ದರೆ ಕಲಬುರಗಿಯಲ್ಲಿ 380, ಬೀದರಿನಲ್ಲಿ 370 ಬಂದರೂ ಅದು ದೋಷವಲ್ಲ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರವನ್ನೇ ನಾನು ಹೆಚ್ಚು ನಂಬುತ್ತೇನೆ; ಅದು ಶೇ 10–15 ದಾಟಿದರೆ ಮುಂದೆ ಹುಡುಕಬೇಕು.

ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಹೆಡ್ ಇದ್ದು, ಅಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಒಡೆದಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಸಿಲಿಂಡರ್‌ಗೊಂದು ಬಿಡಿ ಹೆಡ್ ಇರುವ ಎಂಜಿನ್‌ನಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಪ್ರತಿಯೊಂದಕ್ಕೂ ಅದರದೇ ಗ್ಯಾಸ್ಕೆಟ್. ಎಲ್ಲವೂ ಒಂದೇ ಸಮ ಕಡಿಮೆಯಿದ್ದು, ಹೆಡ್ ಕೆಲಸದಲ್ಲಿ ಸೀಮೆಎಣ್ಣೆ, ಡೀಸೆಲ್ ಸುರಿದು ಪಿಸ್ಟನ್ ತೊಳೆದಿದ್ದರೆ ಲೈನರಿನ (ಸಿಲಿಂಡರಿನ ಒಳಗೋಡೆಯ) ಎಣ್ಣೆಯ ಪೊರೆ ಹೋಗಿರುತ್ತದೆ. ಪ್ರತಿ ಸಿಲಿಂಡರ್‌ಗೆ ಕೆಲವೇ ಹನಿ ಎಂಜಿನ್ ಆಯಿಲ್ ಗೋಡೆಗೆ ತಾಗುವಂತೆ ಬಿಟ್ಟು ಒಂದಿಷ್ಟು ತಿರುಗಿಸಿ ಮತ್ತೆ ಅಳೆಯಿರಿ.

ಪೆಟ್ರೋಲ್ ಎಂಜಿನ್‌ಗೆ ಒಂದು ಚಮಚ ಎಣ್ಣೆ ಹಾಕಿ ಅಳೆಯುವ ಪರೀಕ್ಷೆ ಹಳೆಯದು, ಒಳ್ಳೆಯದೂ ಹೌದು: ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಡೀಸೆಲ್‌ಗೆ ಅದೇ ಅಳತೆ ಹಾಕಬೇಡಿ. ಎಣ್ಣೆ ಪಿಸ್ಟನ್ ಮೇಲಿನ ಗುಳಿಯಲ್ಲಿ ನಿಂತು ಜಾಗವನ್ನೇ ಕಿರಿದಾಗಿಸಿ ಸುಳ್ಳು ಅಂಕಿ ಕೊಡುತ್ತದೆ, ಹೆಚ್ಚಾದರೆ ರಾಡ್ ಬಾಗಿಸುತ್ತದೆ.

ಗಾಳಿ ಬಿಟ್ಟು ಕಿವಿಗೊಡಿ

ಗೇಜ್ ಯಾವ ಸಿಲಿಂಡರ್ ಎಂದು ಹೇಳುತ್ತದೆ. ಎಲ್ಲಿಂದ ಸೋರುತ್ತಿದೆ ಎಂದು ಹೇಳುವುದು ಗಾಳಿಯ ಪರೀಕ್ಷೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಹಳೆಯ ಇಂಜೆಕ್ಟರಿನ ಒಳಭಾಗ ತೆಗೆಸಿ, ಲೇತ್ ಅಂಗಡಿಯಲ್ಲಿ ಅದಕ್ಕೆ ಗಾಳಿ ಪೈಪಿನ ನಿಪ್ಪಲ್ ಹಾಕಿಸಿಕೊಂಡರೆ ಅಡಾಪ್ಟರ್ ಸಿದ್ಧ.

ದೋಷದ ಸಿಲಿಂಡರನ್ನು ಒತ್ತಡದ ತುದಿಗೆ ತನ್ನಿ, ಎರಡೂ ರಾಕರ್ ಸಡಿಲವಾಗಿರಬೇಕು. ಮೇಲಿನ ಗೇರ್ ಹಾಕಿ, ಬ್ರೇಕ್ ಬಿಗಿದು, ಚಕ್ರಕ್ಕೆ ಕಲ್ಲು ಕೊಡಿ. ಪುಲ್ಲಿಯ ಮೇಲೆ ಪಾನಾ ಬಿಡಬೇಡಿ, ಫ್ಯಾನಿನ ಹತ್ತಿರ ಯಾರ ಕೈಯೂ ಇರಬಾರದು. 100 ಮಿಲಿಮೀಟರ್ ಬೋರಿನ (ಸಿಲಿಂಡರಿನ ಒಳ ಅಗಲ) ಪಿಸ್ಟನ್ ಮೇಲೆ 7 ಬಾರ್ ಒತ್ತಡದ ಗಾಳಿ ಬಿಟ್ಟರೆ ಬೀಳುವ ಭಾರ ಸುಮಾರು 550 ಕಿಲೋ. ಪಿಸ್ಟನ್ ತುದಿಯಿಂದ ತುಸು ಜಾರಿದರೂ ಕ್ರ್ಯಾಂಕ್ ಬೀಸಿ ತಿರುಗುತ್ತದೆ. ಅದಕ್ಕೇ 2 ಬಾರ್‌ನಿಂದ ಶುರು ಮಾಡಿ.

ರೇಡಿಯೇಟರ್ ಅಂಚಿನವರೆಗೆ ತುಂಬಿ, ಮುಚ್ಚಳ ತೆಗೆದಿಡಿ. ಎಂಜಿನ್ ತಣ್ಣಗಿರಲೇಬೇಕು. ಸುತ್ತಲಿನ ಸದ್ದು ನಿಲ್ಲಿಸಿ, ಗಾಳಿ ಬಿಡಿ, ಒಂದೊಂದೇ ಬಾಯಿಗೆ ಕಿವಿ ಕೊಡಿ.

ಏರ್ ಕ್ಲೀನರ್ ಪೈಪಿನಲ್ಲಿ ಬುಸುಗುಟ್ಟಿದರೆ ಇನ್ಲೆಟ್ ವಾಲ್ವ್. ಸೈಲೆನ್ಸರ್ ಬಾಯಿಯಲ್ಲಾದರೆ ಎಗ್ಸಾಸ್ಟ್. ಪಕ್ಕದ ಸಿಲಿಂಡರಿನ ಇಂಜೆಕ್ಟರ್ ರಂಧ್ರಕ್ಕೆ ಹಿಡಿದ ಕಾಗದದ ಚೂರು ಅಲುಗಿದರೆ ನಡುವಿನ ಗ್ಯಾಸ್ಕೆಟ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಇಲ್ಲವೇ ಹೆಡ್‌ನಲ್ಲೇ ಬಿರುಕು. ರಿಪೇರಿ ಮಾಡಿದ ಹಳೆಯ ಹೆಡ್ ತಂದಿದ್ದರೆ ಈ ಎರಡನೆಯದನ್ನು ಮರೆಯಬೇಡಿ. ಹೆಡ್ ಮತ್ತು ಬ್ಲಾಕಿನ ಸಂದಿಗೆ ಸೋಪಿನ ನೀರು ಹಚ್ಚಿ ನೋಡಿ. ಆಯಿಲ್ ಹಾಕುವ ಬಾಯಿಯಲ್ಲಿ ತುಸು ಗಾಳಿ ಬಂದೇ ಬರುತ್ತದೆ, ರಿಂಗಿನ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಜೋರಾಗಿ ಬಂದರೆ ಮಾತ್ರ ರಿಂಗ್, ಲೈನರ್ ಕಡೆ ಹೋಗಿ. ಹೆಡ್ ತೆಗೆದಿಟ್ಟ ದಿನಗಳಲ್ಲಿ ಸಿಲಿಂಡರ್ ಬಾಯಿ ಮುಚ್ಚದೆ ಬಿಟ್ಟಿದ್ದರೆ ನಮ್ಮ ಕಪ್ಪು ಮಣ್ಣಿನ ಧೂಳು ಅವನ್ನು ಕೆಡಿಸಿರುತ್ತದೆ.

ವಾಲ್ವಿನಲ್ಲಿ ಸದ್ದು ಕೇಳಿದ ಕೂಡಲೇ ಹೆಡ್ ಎತ್ತಬೇಡಿ. ಗಾಳಿ ನಿಲ್ಲಿಸಿ, ಆ ವಾಲ್ವಿನ ಗ್ಯಾಪನ್ನು ಪೂರ್ತಿ ಸಡಿಲಿಸಿ ಮತ್ತೆ ಬಿಡಿ. ಸದ್ದು ನಿಂತರೆ ಟಾಪೆಟ್ ದೋಷವಷ್ಟೇ. ನಿಲ್ಲದಿದ್ದರೆ ವಾಲ್ವಿನ ತುದಿಗೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲನೆ ಒಂದೆರಡು ಪೆಟ್ಟು ಕೊಡಿ. ಸೀಟಿಗೆ ಅಂಟಿದ ಮಸಿಯ ಚೂರು ಹಾರಿಹೋಗಿ ಸೋರಿಕೆ ನಿಲ್ಲುವುದುಂಟು.

ಇಂಜೆಕ್ಟರ್ ಬುಡವನ್ನು ಈ ಪರೀಕ್ಷೆ ತೋರಿಸದು, ಅಲ್ಲಿ ಅಡಾಪ್ಟರ್ ಇರುತ್ತದೆ. ಅದಕ್ಕಾಗಿ ಇಂಜೆಕ್ಟರ್ ವಾಪಸ್ ಕೂರಿಸಿ, ಬುಡಕ್ಕೆ ತುಸು ಡೀಸೆಲ್ ಹನಿಸಿ, ಸ್ಟಾಪ್ ಎಳೆದು ಸೆಲ್ಫ್ ಹೊಡೆಯಿರಿ. ಗುಳ್ಳೆ ಬಂದರೆ ತಾಮ್ರದ ವಾಷರ್ ಕೂತಿಲ್ಲ. ಹಳೆಯ ವಾಷರ್ ರಂಧ್ರದ ತಳದಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದೊಂದು ಬಿದ್ದಿರುವುದು ಸಾಮಾನ್ಯ.

ಸೋರಿಕೆ ಇಲ್ಲ, ಆದರೂ ಅಂಕಿ ಕಡಿಮೆ

ಎಲ್ಲಿಯೂ ಗಾಳಿ ಸೋರುವುದಿಲ್ಲ, ಆದರೂ ಒತ್ತಡ ಏರುವುದಿಲ್ಲ. ಇಲ್ಲಿ ಅನುಭವಿಗಳೂ ತಬ್ಬಿಬ್ಬಾಗುತ್ತಾರೆ. ಗಾಳಿ ಸೋರದಿದ್ದರೂ, ಅದು ಕುಗ್ಗಬೇಕಾದ ಜಾಗ ದೊಡ್ಡದಾಗಿದ್ದರೆ ಒತ್ತಡ ಕಡಿಮೆಯೇ. ಲೆಕ್ಕ ನೋಡಿ: ಬೋರ್ 100, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 110 ಮಿಲಿಮೀಟರ್ ಇರುವ ಸಿಲಿಂಡರಿನಲ್ಲಿ ಪಿಸ್ಟನ್ ತಳ್ಳುವ ಗಾಳಿ 864 ಸಿಸಿ. ಕಂಪ್ರೆಷನ್ ಅನುಪಾತ (ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು) 17 ಎಂದಾದರೆ ಕೊನೆಗೆ ಉಳಿಯುವ ಜಾಗ 54 ಸಿಸಿ ಮಾತ್ರ. ಗ್ಯಾಸ್ಕೆಟ್ 0.3 ಮಿಲಿಮೀಟರ್ ದಪ್ಪವಾದರೆ ಅದಕ್ಕೆ 2.4 ಸಿಸಿ ಸೇರಿ ಅನುಪಾತ 16.3ಕ್ಕೆ ಇಳಿಯುತ್ತದೆ. ಸೀಟ್ ಕಟಿಂಗ್ ಆಳವಾಗಿ, ಎರಡೂ ವಾಲ್ವ್ ಒಂದೊಂದು ಮಿಲಿಮೀಟರ್ ಒಳಗೆ ಹೂತರೂ ಹೆಚ್ಚುಕಡಿಮೆ ಇಷ್ಟೇ ನಷ್ಟ. ಎರಡೂ ಒಟ್ಟಿಗೆ ಆಗಿದ್ದರೆ ಚಳಿಗಾಲದ ಬೆಳಗ್ಗೆ ಬೀದರಿನಲ್ಲಿ ಎಂಜಿನ್ ಹತ್ತುವುದು ಕಷ್ಟವೇ.

ಕೆಲವು ಎಂಜಿನ್‌ಗಳಿಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಬರುತ್ತವೆ, ಅಂಚಿನಲ್ಲಿರುವ ಕಚ್ಚು ಅಥವಾ ರಂಧ್ರಗಳ ಎಣಿಕೆಯಿಂದ ಗುರುತಿಸಬೇಕು. ಅಂಗಡಿಯವರು ಕೊಟ್ಟದ್ದನ್ನು ಹಾಗೇ ಹಾಕಬೇಡಿ, ಹಳೆಯದನ್ನು ಒಯ್ದು ಹೋಲಿಸಿ ತನ್ನಿ.

ಇನ್ನೊಂದು ಕಾರಣ, ಬಾಗಿದ ರಾಡ್. ಹಳೆಯ ಗ್ಯಾಸ್ಕೆಟ್ ಹೋದ ದಿನ ನೀರು ಒಳಗಿಳಿದು, ಅದೇ ಸ್ಥಿತಿಯಲ್ಲಿ ಯಾರಾದರೂ ಸೆಲ್ಫ್ ಹೊಡೆದಿದ್ದರೆ ಆ ಸಿಲಿಂಡರಿನ ಪಿಸ್ಟನ್ ಉಳಿದವುಗಳಷ್ಟು ಮೇಲೆ ಬರುವುದೇ ಇಲ್ಲ. ಹೆಡ್ ಎಷ್ಟು ಬದಲಿಸಿದರೂ ಅಂಕಿ ಏರದು. ಹೆಡ್ ಎತ್ತಿದ ಮೇಲೆ ಪ್ರತಿ ಪಿಸ್ಟನ್ನಿನ ಮೇಲ್ತುದಿಯನ್ನು ಬ್ಲಾಕಿನ ಮಟ್ಟದಿಂದ ಡಯಲ್ ಗೇಜಿನಲ್ಲಿ ಅಳೆದರೆ ಸಿಕ್ಕಿಬೀಳುತ್ತದೆ.

ಹೆಡ್ ಎತ್ತಲೇಬೇಕಾದರೆ

ಎತ್ತಿದ ಗ್ಯಾಸ್ಕೆಟನ್ನು ಬಿಸಾಡುವ ಮುನ್ನ ಬೆಳಕಿಗೆ ಹಿಡಿಯಿರಿ. ಬೆಂಕಿಯ ಉಂಗುರದ (ಸಿಲಿಂಡರ್ ಬಾಯಿಯ ಸುತ್ತ ಬರುವ ಬಳೆ) ಮೇಲೆ ಸುತ್ತಲೂ ಸಮನಾದ ಒತ್ತಿನ ಗುರುತು ಇರಬೇಕು. ಒಂದು ಕಡೆ ಹೊಳಪಿದ್ದು, ಇನ್ನೊಂದು ಕಡೆ ಕಪ್ಪು ಮಸಿ ಹೊರಗಿನವರೆಗೆ ಎಳೆದಿದ್ದರೆ ಗಾಳಿ ಹೋದ ದಾರಿ ಅದೇ. ಆ ಜಾಗಕ್ಕೆ ಎದುರಾದ ಹೆಡ್, ಬ್ಲಾಕ್ ಎರಡರ ಮೇಲೂ ಸೀಸದಕಡ್ಡಿಯಿಂದ ಗುರುತು ಮಾಡಿ.

ಹೆಡ್ ತಲೆಕೆಳಗಾಗಿ ಇಟ್ಟು ಅಡ್ಡ, ಉದ್ದ, ಓರೆಯಾಗಿ ನೇರಪಟ್ಟಿ ಇಡಿ. 0.05 ಮಿಲಿಮೀಟರ್ ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ಎಲ್ಲಿ ನುಗ್ಗುತ್ತದೆ ನೋಡಿ, ಮಿತಿ ಎಷ್ಟೆಂದು ಪುಸ್ತಕ ಹೇಳುತ್ತದೆ. ಪೋರ್ಟುಗಳಿಗೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಬಿಡಿ, ವಾಲ್ವಿನ ಅಂಚಿನಲ್ಲಿ ಜಿನುಗಬಾರದು. ಹೊಸ ಹೆಡ್ ಎಂದು ಈ ಪರೀಕ್ಷೆ ಬಿಡಬೇಡಿ, ಡಬ್ಬಿಯಿಂದ ಬಂದ ಹೆಡ್‌ನಲ್ಲೂ ವಾಲ್ವ್ ಗ್ರೈಂಡಿಂಗ್ ಅರೆಬರೆ ಇರಬಹುದು. ವೆಟ್ ಲೈನರ್ (ಹೊರಮೈಗೆ ನೀರು ತಾಗುವ ಲೈನರ್) ಎಂಜಿನ್ನಾದರೆ ಲೈನರ್ ಬ್ಲಾಕಿಗಿಂತ ಕೂದಲಷ್ಟು ಮೇಲೆದ್ದಿರಬೇಕು. ಒಂದು ಲೈನರ್ ತಗ್ಗಿದ್ದರೆ ಯಾವ ಗ್ಯಾಸ್ಕೆಟ್ ಹಾಕಿದರೂ ಅಲ್ಲಿ ನಿಲ್ಲುವುದಿಲ್ಲ.

ಮತ್ತೆ ಕೂರಿಸುವಾಗ ಬೋಲ್ಟಿನ ರಂಧ್ರಗಳನ್ನು ಗಾಳಿ ಬಿಟ್ಟು ಒಣಗಿಸಿ. ತಳದಲ್ಲಿ ನೀರು, ಎಣ್ಣೆ ನಿಂತಿದ್ದರೆ ಬಿಗಿತ ಅಳೆಯುವ ಟಾರ್ಕ್ ಪಾನಾ ‘ಆಯಿತು’ ಎನ್ನುತ್ತದೆ, ಹೆಡ್ ಬಿಗಿದಿರುವುದಿಲ್ಲ, ಬ್ಲಾಕ್ ಸೀಳಲೂಬಹುದು. ಒಮ್ಮೆ ಮಾತ್ರ ಬಳಸುವ, ಎಳೆದು ಬಿಗಿಯುವ ಬೋಲ್ಟುಗಳನ್ನು ಮರುಬಳಕೆ ಮಾಡಬೇಡಿ. ಮಧ್ಯದಿಂದ ಹೊರಕ್ಕೆ, ಮೂರು ಹಂತಗಳಲ್ಲಿ ಬಿಗಿಯಿರಿ. ಬಿಡಿ ಹೆಡ್‌ಗಳಿದ್ದರೆ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಬಿಟ್ಟು, ಮ್ಯಾನಿಫೋಲ್ಡ್ ಕೂರುವ ಮುಖಗಳೆಲ್ಲ ಒಂದೇ ಗೆರೆಯಲ್ಲಿರುವಂತೆ ನೇರಪಟ್ಟಿ ಹಿಡಿದು ಹೊಂದಿಸಿಕೊಂಡ ಮೇಲೆ ಟಾರ್ಕ್ ಮಾಡಿ. ಈ ಒಂದು ಹೆಜ್ಜೆ ಬಿಟ್ಟರೆ ಆಮೇಲೆ ಮ್ಯಾನಿಫೋಲ್ಡ್ ಬಿಗಿದಾಗ ಹೆಡ್‌ಗಳು ತಿರುಚಿಕೊಂಡು ಎಲ್ಲ ಶ್ರಮವೂ ವ್ಯರ್ಥ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ನೆಲದ ಗಡಸು ನೀರು ಹೆಡ್‌ನ ಒಳದಾರಿಗಳಲ್ಲಿ ಪದರಗಟ್ಟಿ, ಮೇ ತಿಂಗಳ ಬಿಸಿಲಿಗೆ ಇದೇ ಹೆಡ್ಡನ್ನು ಮತ್ತೆ ಸೊಟ್ಟಗಾಗಿಸುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ತುಂಬಿ. ಮೊದಲ ಚಾಲನೆಯ ನಂತರ ಮರುಟಾರ್ಕ್ ಬೇಕೆಂದು ಗ್ಯಾಸ್ಕೆಟ್ ತಯಾರಕರು ಹೇಳಿದ್ದರೆ ಮೊದಲು ಅದನ್ನು ಮಾಡಿ, ಟಾಪೆಟ್ ಆಮೇಲೆ. ಗ್ಯಾಸ್ಕೆಟ್ ಕುಗ್ಗಿದಷ್ಟೂ ಗ್ಯಾಪ್ ಕಡಿಮೆಯಾಗುವುದರಿಂದ ಈ ಕ್ರಮ ಹಿಂದುಮುಂದಾಗಬಾರದು. ಕೊನೆಗೆ ಎಲ್ಲ ಸಿಲಿಂಡರುಗಳನ್ನು ಮತ್ತೊಮ್ಮೆ ಗೇಜಿನಲ್ಲಿ ಅಳೆದು, ಅಂಕಿಗಳನ್ನು ದಿನಾಂಕದ ಸಮೇತ ಬಿಲ್ಲಿನ ಹಿಂದೆ ಬರೆದು ಮಾಲೀಕರ ಕೈಗೆ ಕೊಡಿ.